ಪಾತ್ರ ಹಳೆಯದು, ಮುಖ ಹೊಸದು

ಊರಿನವರೆಲ್ಲ ನೋಡಿ ಮುಗಿಸಿದ ನಾಟಕಕ್ಕೆ ಮತ್ತೆ ಜನ ಬರುವುದೆಂತು? ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ ನಿರ್ಮಾಪಕ ಡೇವಿಡ್ ಮೆರಿಕ್ ಈ ಪ್ರಶ್ನೆಗೆ ಕಂಡುಕೊಂಡ ಉತ್ತರ ಸ್ವಾರಸ್ಯವಾದುದು.

1964ರ ಜನವರಿಯಲ್ಲಿ ಅವರು ‘ಹಲೋ, ಡಾಲಿ!’ ಎಂಬ ಸಂಗೀತ ನಾಟಕವನ್ನು ಸೇಂಟ್ ಜೇಮ್ಸ್ ರಂಗಮಂದಿರದಲ್ಲಿ ಆಡಿಸಿದರು. ಗಂಡು ಹೆಣ್ಣು ಕೂಡಿಸುವುದನ್ನೇ ಕಸುಬಾಗಿಸಿಕೊಂಡ ವಿಧವೆಯೊಬ್ಬಳು ಸಿರಿವಂತ ವರ್ತಕನನ್ನು ತನಗೇ ಗೊತ್ತುಮಾಡಿಕೊಳ್ಳುವ ಕಥೆ ಅದು. ಡಾಲಿಯಾಗಿ ಮೆರೆದವರು ಕ್ಯಾರಲ್ ಚಾನಿಂಗ್. ಆ ವರ್ಷ ನಾಟಕಕ್ಕೆ 10 ಟೋನಿ ಪ್ರಶಸ್ತಿಗಳು ದೊರೆತುವು.

1965ರಲ್ಲಿ ಚಾನಿಂಗ್ ಸ್ಥಾನಕ್ಕೆ ಚಲನಚಿತ್ರ ತಾರೆ ಜಿಂಜರ್ ರಾಜರ್ಸ್ ಬಂದರು. ಬಳಿಕ ಮಾರ್ಥಾ ರೇ, ಬೆಟ್ಟಿ ಗ್ರೇಬಲ್. ಇದರ ಲೆಕ್ಕಾಚಾರ ಸರಳ. ದೃಶ್ಯಸಜ್ಜಿಕೆಗೂ ಉಡುಪಿಗೂ ಸುರಿದ ಹಣ ಒಮ್ಮೆ ಕೈಗೆ ಬಂದಮೇಲೆ ಉಳಿಯುವುದು ವಾರದ ಖರ್ಚು ಮಾತ್ರ. ಆದರೆ ಆಸನಗಳು ಬರಿದಾದರೂ ವಾದ್ಯಗಾರರ ಸಂಬಳ ತಗ್ಗದು. ಹೊಸ ತಾರೆ ಬಂದಳೆಂದರೆ ಪತ್ರಿಕೆಗಳಿಗೆ ಸುದ್ದಿ. ಹಿಂದೆ ನೋಡಿದವರಿಗೂ ಇನ್ನೊಮ್ಮೆ ಹೋಗಲು ನೆಪ. ಹೊಸ ನಾಟಕ ಕಟ್ಟುವ ವೆಚ್ಚದ ಮುಂದೆ ತಾರೆಯ ಸಂಭಾವನೆ ಎಷ್ಟರದು!

1967ರ ನವೆಂಬರಿನಲ್ಲಿ ಮೆರಿಕ್ ಇನ್ನೂ ಮುಂದೆ ಹೋದರು. ಪರ್ಲ್ ಬೈಲಿ ನಾಯಿಕೆ, ಕ್ಯಾಬ್ ಕ್ಯಾಲೋವೇ ವರ್ತಕ. ಇಡೀ ತಂಡವೇ ಕಪ್ಪು ಜನಾಂಗದ ಕಲಾವಿದರದು. ಬಿಳಿಯರೊಡನೆ ಬೆರೆಸದೆ ಇವರನ್ನೇ ಬೇರೆಯಾಗಿ ನಿಲ್ಲಿಸುವುದು ಬೇರ್ಪಡಿಕೆಯೇ ಅಲ್ಲವೆ ಎಂದು ಆಕ್ಷೇಪಿಸಿದವರುಂಟು. ಆ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿರಲಿಲ್ಲ. ಆದರೆ ಬ್ರಾಡ್‌ವೇಯಲ್ಲಿ ಇಂಥ ಕಲಾವಿದರಿಗೆ ಸಿಗುತ್ತಿದ್ದ ಪಾತ್ರಗಳೇ ವಿರಳವಾಗಿದ್ದ ಕಾಲದಲ್ಲಿ ಇಡೀ ಒಂದು ತಂಡಕ್ಕೆ ದುಡಿಮೆ ದೊರೆತುದೂ ನಿಜ. ಮೆರಿಕ್ಕರ ಕಣ್ಣು ಗಲ್ಲಾಪೆಟ್ಟಿಗೆಯ ಮೇಲಿತ್ತೆಂಬುದರಲ್ಲಿ ಸಂದೇಹವಿಲ್ಲ. ಬೈಲಿಯವರ ಗೆಲುವು ಮಾತ್ರ ಆ ಲೆಕ್ಕವನ್ನು ಮೀರಿದ್ದು. ಹೊಸ ತಂಡದ ಹಾಡುಗಳ ಧ್ವನಿಮುದ್ರಿಕೆಯೇ ಬೇರೆಯಾಗಿ ಹೊರಬಂದಿತು. 1968ರಲ್ಲಿ ಬೈಲಿಯವರಿಗೆ ವಿಶೇಷ ಟೋನಿ ಪ್ರಶಸ್ತಿ ಸಂದಿತು.

ಕೊನೆಯ ಡಾಲಿ ಎಥೆಲ್ ಮರ್ಮನ್. ಪಾತ್ರವನ್ನು ಮೊದಲು ಯೋಚಿಸಿದ್ದೇ ಆಕೆಗಾಗಿ, ಆಗ ಒಲ್ಲೆನೆಂದಿದ್ದರು. 1970ರಲ್ಲಿ ಒಪ್ಪಿ ಬಂದಾಗ, ಅವರಿಗಾಗಿ ರಚಿಸಿ ಬದಿಗಿಟ್ಟಿದ್ದ ಎರಡು ಹಾಡುಗಳೂ ನಾಟಕಕ್ಕೆ ಸೇರಿದುವು. ಅದೇ ಡಿಸೆಂಬರ್ 27ರಂದು, 2,844 ಪ್ರದರ್ಶನಗಳ ಬಳಿಕ, ತೆರೆ ಬಿದ್ದಿತು. ‘ಮೈ ಫೇರ್ ಲೇಡಿ’ಯ 2,717ನ್ನು ಅದು ಆಗಲೇ ಹಿಂದಿಕ್ಕಿತ್ತು. ಮರುವರ್ಷವೇ ಆ ದಾಖಲೆ ‘ಫಿಡ್ಲರ್ ಆನ್ ದ ರೂಫ್’ನ ಪಾಲಾಯಿತು.