ಯಂತ್ರ ಬಂತು, ಕಲಿಸುವವರೆಲ್ಲಿ?

ಇಂದು ಸಾಲ ಕೊಡುವವರಿದ್ದಾರೆ, ಯಂತ್ರ ಮಾರುವವರೂ ಇದ್ದಾರೆ. ಆದರೆ ಆ ಯಂತ್ರದ ಮುಂದೆ ಮೊದಲ ಬಾರಿ ಕುಳಿತವನ ಪಕ್ಕದಲ್ಲಿ ನಿಂತು "ಹಾಗಲ್ಲ, ಹೀಗೆ" ಎಂದು ತೋರಿಸಿಕೊಡುವವರು ಮಾತ್ರ ಇಲ್ಲ. ನಮ್ಮ ಸ್ವಂತ ಉದ್ಯೋಗ ಯೋಜನೆಗಳ ದೊಡ್ಡ ಕೊರತೆ ಇದೇ ಎಂಬುದು ನನ್ನ ಅಭಿಪ್ರಾಯ. ಪುಸ್ತಕ ಓದಿ ಬಂದ ಅಭಿಪ್ರಾಯ ಇದಲ್ಲ. ಕಳೆದ ರಜೆಯಲ್ಲಿ ನನ್ನ ಹುಟ್ಟೂರಿನಲ್ಲಿ ಕಣ್ಣಾರೆ ಕಂಡು ಬಂದದ್ದು.

ನನ್ನ ಹುಟ್ಟೂರು ತಮಿಳುನಾಡಿನ ಕಾರಿಮಂಗಲಂ. ಧರ್ಮಪುರಿಯಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿದೆ. 1965ರಲ್ಲಿ ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾಗುವ ತನಕ ಈ ಪ್ರದೇಶವೆಲ್ಲ ಸೇಲಂ ಜಿಲ್ಲೆಗೆ ಸೇರಿತ್ತು. ಕಾಸರಗೋಡಿನ ಓದುಗರಿಗೆ ಅದು ದೂರದ ಊರೆನಿಸಬಹುದು. ಆದರೆ 1956ರ ನವೆಂಬರ್ 1ರ ತನಕ ಆ ಸೇಲಂ ಜಿಲ್ಲೆಯೂ ನಮ್ಮ ಕಾಸರಗೋಡೂ ಒಂದೇ ಮದ್ರಾಸ್ ರಾಜ್ಯದೊಳಗಿದ್ದುವು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಬೇರೆ ಭಾಷೆ ಎಂಬ ಬದುಕು ಅಲ್ಲಿಯೂ ಇದೆ, ಇಲ್ಲಿಯೂ ಇದೆ.

ನಮ್ಮ ತಂದೆಯವರು ಚಪ್ಪಲಿ ಹೊಲಿದು ನಮ್ಮನ್ನು ಸಾಕಿದವರು. ಉಳಿ, ದಬ್ಬಳ, ಮೇಣ ಹಚ್ಚಿದ ನೂಲು, ಇಷ್ಟೇ ಅವರ ಬಂಡವಾಳ. ನಾನು ಟಿ.ಸಿ.ಎಚ್. ಓದಿ ಅಧ್ಯಾಪಕನಾದೆ, ಅಣ್ಣ ತಂದೆಯ ಕಸುಬನ್ನೇ ಹಿಡಿದ. ಅಣ್ಣನ ಮಗ ಪ್ಲಸ್ ಟು ಮುಗಿಸಿ, ಕೈಹೊಲಿಗೆಯಿಂದ ಹೊಟ್ಟೆ ತುಂಬದೆಂದು ಯೋಚಿಸಿ, ದಪ್ಪ ಚರ್ಮ ಹೊಲಿಯುವ ಭಾರಿ ಹೊಲಿಗೆ ಯಂತ್ರವೊಂದನ್ನು ಕೊಂಡ. ಹಳೆಯದೇ; ಆದರೂ ತಾಯಿಯ ಬಳೆ ಅಡವಿಡಬೇಕಾಯಿತು. ನಾನು ಹೋದಾಗ ಅದು ಮೂಲೆಯಲ್ಲಿ ಗೋಣಿ ಹೊದ್ದು ಕುಳಿತಿತ್ತು. ಎರಡು ತಿಂಗಳ ಬಡ್ಡಿ ಕಟ್ಟಿಯಾಗಿತ್ತು, ಒಂದು ಬೆಲ್ಟು ಕೂಡಾ ಹೊಲಿದಿರಲಿಲ್ಲ. ಹುಡುಗನ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಸೂಜಿ ಉಗುರಿನ ಮೂಲಕವೇ ಇಳಿದಿತ್ತು.

"ಚಿಕ್ಕಪ್ಪ, ಇದು ನನ್ನ ಕೈಗೆ ಒಗ್ಗುವುದಲ್ಲ. ಅರ್ಧ ಬೆಲೆಗಾದರೂ ಮಾರಿಬಿಡುತ್ತೇನೆ" ಎಂದ.

ಇಲ್ಲಿ ಒಂದು ವಿಷಯ ಹೇಳಬೇಕು. ಬಟ್ಟೆ ಹೊಲಿಯುವುದಕ್ಕೂ ಚರ್ಮ ಹೊಲಿಯುವುದಕ್ಕೂ ಅಜಗಜಾಂತರ. ಬಟ್ಟೆಯಲ್ಲಿ ಸೂಜಿ ಇಳಿದರೆ ಎಳೆಗಳು ಸರಿದು ದಾರಿ ಕೊಡುತ್ತವೆ. ಹೊಲಿಗೆ ಬಿಚ್ಚಿದರೆ ಮತ್ತೆ ಕೂಡಿಕೊಳ್ಳುತ್ತವೆ. ಚರ್ಮದಲ್ಲಿ ಬಿದ್ದ ತೂತು ತೂತೇ. ತಪ್ಪಿದರೆ ಆ ತುಂಡೇ ಹೋಯಿತು. ಹೊಲಿಗೆ ತೀರಾ ಒತ್ತಾಗಿ ಹಾಕಿದರೆ ಗಟ್ಟಿಯಾಗುವುದಿಲ್ಲ. ಅಂಚೆಚೀಟಿಯ ಅಂಚಿನ ತೂತುಗಳಂತೆ ಅದೇ ಸಾಲಿನಲ್ಲಿ ಹರಿದು ಬರುತ್ತದೆ. ಆದುದರಿಂದಲೇ ಈ ಕೆಲಸದಲ್ಲಿ ತಪ್ಪು ಮಾಡುತ್ತಾ ಕಲಿಯುವುದು ಬಡವನಿಗೆ ಕೈಗೆಟಕುವ ದಾರಿಯಲ್ಲ.

ಯಂತ್ರದೊಂದಿಗೆ ಬಂದ ಕೈಪಿಡಿ ಇಂಗ್ಲಿಷಿನಲ್ಲಿತ್ತು. ಹುಡುಗ ಓದುವುದು ತಮಿಳು, ಆಡುವುದು ಕನ್ನಡ. ನಾನು ಅದನ್ನು ಓದಿ ಅರ್ಥ ಹೇಳಲು ಕುಳಿತೆ. ಮೂರು ದಿನದಲ್ಲಿ ಎರಡು ತಪ್ಪು ಗೊತ್ತಾಯಿತು. ಒಂದನೆಯದು, ದಪ್ಪ ನೈಲಾನ್ ನೂಲಿಗೆ 18ನೆಯ ನಂಬರಿನ ಸೂಜಿ ಹಾಕಿದ್ದ. ಕಣ್ಣು ಸಾಲದೆ ನೂಲು ಉಜ್ಜಿ ತುಂಡಾಗುತ್ತಿತ್ತು. ಆ ನೂಲಿಗೆ ಬೇಕಾದದ್ದು 22ನೆಯದು, ಅಂದರೆ 1.4 ಮಿಲಿಮೀಟರ್ ದಪ್ಪದ ಸೂಜಿ; ಅದೂ ತುದಿಯಲ್ಲಿ ಅಲಗಿನಂತೆ ಹರಿತವಿರುವ ಚರ್ಮದ ಸೂಜಿ. ಎರಡನೆಯದು, ಅಣ್ಣ ಯಂತ್ರಕ್ಕೆ ಹೊಯ್ದದ್ದು ತೆಂಗಿನೆಣ್ಣೆ. ಅದು ಒಳಗೆ ಅಂಟಾಗಿ ಚಕ್ರವನ್ನೇ ಹಿಡಿದಿತ್ತು. ಎಲ್ಲವನ್ನೂ ಒರಸಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆವು. ಆದರೂ ಹೊಲಿಗೆ ಬೀಳಲಿಲ್ಲ. ನನ್ನ ಇಂಗ್ಲಿಷು ಅಲ್ಲಿಗೆ ಮುಗಿಯಿತು.

ಕೃಷ್ಣಗಿರಿ ದಾಟಿ ಚೆನ್ನೈಯ ದಾರಿ ಹಿಡಿದರೆ ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳು ಸಿಗುತ್ತವೆ. ಚರ್ಮ ಹದ ಮಾಡುವುದಕ್ಕೂ ಪಾದರಕ್ಷೆ ತಯಾರಿಗೂ ಹೆಸರಾದ ಊರುಗಳವು. ಆಂಬೂರಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಪಕ್ಕದ ಹಳ್ಳಿಯಲ್ಲಿರುವುದು ತಿಳಿದು, ನಾಲ್ಕನೆಯ ದಿನ ಅವರನ್ನು ಕರೆತಂದೆವು. ಅವರು ಕನ್ನಡಕ ಏರಿಸಿ ಸೂಜಿಯನ್ನು ನೋಡಿದರು, ತಿರುಪು ಸಡಿಲಿಸಿ ಕೂದಲೆಳೆಯಷ್ಟು ತಿರುಗಿಸಿದರು. ಮನೆಯ ಹೊಲಿಗೆ ಯಂತ್ರದ ಸೂಜಿಗೆ ಒಂದು ಬದಿ ಚಪ್ಪಟೆ. ಅದು ಒಂದೇ ರೀತಿಯಲ್ಲಿ ಕೂರುತ್ತದೆ. ಭಾರಿ ಯಂತ್ರದ ಸೂಜಿಯ ಬುಡ ಉರುಟು. ಹೇಗೆ ಬೇಕಾದರೂ ಕೂರುತ್ತದೆ, ಆದರೆ ಸರಿಯಾಗಿ ಕೂತಿದ್ದರೆ ಮಾತ್ರ ಕೆಳಗಿನ ಕೊಕ್ಕೆ ನೂಲನ್ನು ಹಿಡಿಯುತ್ತದೆ. ಮೂರು ದಿನ ನಾವು ಹುಡುಕಿದ ರೋಗ ಇದು. ಅವರಿಗೆ ಹತ್ತು ನಿಮಿಷವೂ ಬೇಕಾಗಲಿಲ್ಲ.

ಆ ಮೇಲೆ ಅವರು ಕಲಿಸಿದ ಕ್ರಮ ಯಾವ ಅಧ್ಯಾಪಕನೂ ಮೆಚ್ಚತಕ್ಕದ್ದು. ಮೊದಲ ದಿನ ಮೋಟಾರು ಮುಟ್ಟಬಾರದು, ಕೈಚಕ್ರದಿಂದಲೇ ತಿರುಗಿಸಬೇಕು. ನೂಲು ಹಾಕದೆ, ಗೆರೆ ಎಳೆದ ಕಾಗದದ ಮೇಲೆ ಸೂಜಿಯ ತೂತುಗಳನ್ನು ಗೆರೆ ತಪ್ಪದಂತೆ ಇಳಿಸಬೇಕು. ಅನಂತರ ನೂಲು ಹಾಕಿ, ಮೇಲಿನ ಮತ್ತು ಕೆಳಗಿನ ಎರಡೂ ಎಳೆಗಳನ್ನು ಹಿಂದಕ್ಕೆ ಹಿಡಿದುಕೊಂಡು ಚರ್ಮದ ಚೂರಿನ ಮೇಲೆ ಹೊಲಿಯಬೇಕು. ಎರಡು ನೂಲುಗಳ ಗಂಟು ಚರ್ಮದ ದಪ್ಪದ ನಡುವೆ ಅಡಗಿರಬೇಕು. ಕೆಳಗಡೆ ಕುಣಿಕೆಗಳು ಕಂಡರೆ ಮೇಲಿನ ನೂಲು ಸಡಿಲ ಎಂದರ್ಥ. ಮೂಲೆ ತಿರುಗಿಸುವಾಗ ಸೂಜಿ ಕೆಳಗಿಳಿದು ತುಸು ಮೇಲೇಳತೊಡಗಿದಾಗ ನಿಲ್ಲಿಸಿ, ಪಾದ ಎತ್ತಿ, ಚರ್ಮ ತಿರುಗಿಸಬೇಕು. ಬೆರಳಿಗೆ ಸೂಜಿ ಇಳಿಸಿದ ಮೋಟಾರಿನ ಗುಟ್ಟನ್ನೂ ಹೇಳಿದರು. ಅದು ಸ್ವಿಚ್ಚು ಹಾಕಿದೊಡನೆ ಪೂರ್ಣ ವೇಗದಲ್ಲಿ ತಿರುಗುತ್ತಲೇ ಇರುವ ಕ್ಲಚ್ ಮೋಟಾರು. ಪೆಡಲು ಸ್ವಲ್ಪ ಜೋರಾಗಿ ತುಳಿದರೆ ಯಂತ್ರ ಹಾರುತ್ತದೆ. ಮೋಟಾರಿಗೆ ಚಿಕ್ಕ ಪುಲ್ಲಿ ಹಾಕಿಸಿದರೆ ವೇಗ ಇಳಿಯುತ್ತದೆ, ವೇಗ ಹೊಂದಿಸಬಹುದಾದ ಸರ್ವೋ ಮೋಟಾರಾದರೆ ಇನ್ನೂ ಒಳ್ಳೆಯದು. ಮಾರಿದವನು ಇದನ್ನು ಒಂದು ಮಾತಿನಲ್ಲಿ ಹೇಳಬಹುದಾಗಿತ್ತು. ಹೇಳಲಿಲ್ಲ.

ಈಗ ಸರಕಾರದ ಯೋಜನೆಗಳತ್ತ ನೋಡೋಣ. ಕೇಂದ್ರ ಸರಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಚರ್ಮಕಾರರದೂ ಒಂದು. 15,000 ರೂಪಾಯಿಯ ಸಲಕರಣೆ, ಐದರಿಂದ ಏಳು ದಿನಗಳ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ ಎಂದು ಅದರಲ್ಲಿದೆ. ಕಸುಬನ್ನು ಕುಟುಂಬಕ್ಕೆ ಕಟ್ಟಿಹಾಕುವ ಶರತ್ತು ಬೇಡವೆಂದು ತಮಿಳುನಾಡು ಸರಕಾರ 2024ರಲ್ಲಿ ಅದನ್ನು ಒಪ್ಪದೆ, 35 ದಾಟಿದವರಿಗೆ 3 ಲಕ್ಷದ ತನಕ ಸಾಲ ಸಿಗುವ ತನ್ನದೇ ಯೋಜನೆ ತಂದಿತು. ನಮ್ಮ ಹುಡುಗನಿಗೆ 35 ಆಗಿಲ್ಲ. ಆದುದರಿಂದಲೇ ಬಳೆ ಅಡವಿಗೆ ಹೋಯಿತು. ಯಾವ ಯೋಜನೆ ಮೇಲು ಎಂದು ನಾನು ಚರ್ಚಿಸುವುದಿಲ್ಲ. ತರಬೇತಿ ಕೇಂದ್ರದಲ್ಲಿ ಒಂದು ವಾರ ಕಲಿತವನು ತನ್ನ ಮನೆಯ ಜಗಲಿಯಲ್ಲಿ, ತನ್ನದೇ ಯಂತ್ರದ ಮುಂದೆ, ಎರಡನೆಯ ವಾರ ತಡವರಿಸುತ್ತಾನಲ್ಲ, ಆಗ ಅವನ ಬಳಿಗೆ ಬರುವವರು ಯಾರು? ನನ್ನ ಪ್ರಶ್ನೆ ಅಷ್ಟೇ.

ಸಂಸ್ಥೆಗಳು ಇಲ್ಲವೆಂದಲ್ಲ. ಚೆನ್ನೈಯಲ್ಲಿ 1948ರಿಂದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿದೆ. ಕರ್ನಾಟಕದಲ್ಲಿ 1976ರಿಂದ ಲಿಡ್ಕರ್ ಇದೆ. ಆದರೆ ಹಳ್ಳಿಯ ಹುಡುಗನ ಬೆರಳಿಗೂ ಆ ಕಟ್ಟಡಗಳಿಗೂ ನಡುವೆ ಬಹಳ ದೂರವಿದೆ. ಆ ದೂರವನ್ನು ತುಂಬಬಲ್ಲವರು ನಿವೃತ್ತ ಕೆಲಸಗಾರರು. ನಾವು ಕರೆತಂದ ಹಿರಿಯರನ್ನು ಕಾರ್ಖಾನೆ ಬಿಟ್ಟ ಮೇಲೆ ಯಾರೂ ಏನೂ ಕೇಳಿರಲಿಲ್ಲವಂತೆ. ಇಂಥವರಿಗೆ ದಿನಗೂಲಿ ಮತ್ತು ಬಸ್ಸಿನ ಖರ್ಚು ಕೊಟ್ಟು ಮನೆ ಮನೆಗೆ ಕಳುಹಿಸಿದರೆ ಸಾಲದ ಹಣವೂ ಉಳಿದೀತು, ಬೆರಳೂ ಉಳಿದೀತು. ಕಲಿಯುವವನ ಮನೆಮಾತಿನಲ್ಲಿ ಕಲಿಸುವವರಾದರೆ ಇನ್ನೂ ಉತ್ತಮ.

"ಓದಿದ ಹುಡುಗನನ್ನು ಮತ್ತೆ ಅದೇ ಕಸುಬಿಗೆ ನೂಕುತ್ತೀರಾ?" ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಜಾತಿಯ ಹೆಸರಿನಲ್ಲಿ ಯಾರನ್ನೂ ಯಾವ ಕಸುಬಿಗೂ ಕಟ್ಟಬಾರದು. ಹರಳಯ್ಯನನ್ನು ಹೊಗಳುವ ನಾಡಿನಲ್ಲಿಯೇ ಚಪ್ಪಲಿ ಹೊಲಿಯುವವನಿಗೆ ಜಗಲಿಯಲ್ಲಿ ಜಾಗವಿರಲಿಲ್ಲ ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಈ ಯಂತ್ರ ಬೆಲ್ಟು, ಚೀಲ, ಆಟೋರಿಕ್ಷಾದ ಸೀಟು, ಟಾರ್ಪಾಲು ಎಲ್ಲವನ್ನೂ ಹೊಲಿಯುತ್ತದೆ. ಹೊಲಿಯುವವನ ಜಾತಿ ಕೇಳುವುದಿಲ್ಲ. ನಮ್ಮ ಶಾಲೆಗಳ ವೃತ್ತಿ ಪರಿಚಯ ಮೇಳಗಳಲ್ಲಿ ಎಲ್ಲ ಮನೆಯ ಮಕ್ಕಳೂ ಕೊಡೆ ಕಟ್ಟುತ್ತಾರೆ, ಸೀಮೆಸುಣ್ಣ ಮಾಡುತ್ತಾರೆ. ಎಲ್ಲ ಮನೆಯ ಮಕ್ಕಳೂ ಚರ್ಮದ ಒಂದು ತುಂಡು ಹೊಲಿದು ನೋಡಿದ ದಿನ ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕೀತು.

ಹುಡುಗ ಮೊನ್ನೆ ಫೋನು ಮಾಡಿದ್ದ. ಆಟೋರಿಕ್ಷಾದ ಎರಡು ಸೀಟು ಹೊಲಿದು ಕೊಟ್ಟನಂತೆ. ಬಳೆ ಇನ್ನೂ ಬಿಡಿಸಿಲ್ಲ. ಯಂತ್ರದ ಮೇಲಿನ ಗೋಣಿ ಮಾತ್ರ ತೆಗೆದಾಗಿದೆ. ಇನ್ನೆಷ್ಟು ಮನೆಗಳಲ್ಲಿ ಎಷ್ಟು ಯಂತ್ರಗಳು ಗೋಣಿ ಹೊದ್ದು ಕುಳಿತಿವೆಯೋ, ಯೋಜನೆ ರೂಪಿಸುವವರು ಒಮ್ಮೆ ಹೋಗಿ ನೋಡುವರೇ?