ಕಾರಿನ ಬೆನ್ನಿಗೆ ಕಟ್ಟಿದ ಮನೆ

ರಜಾದಿನಗಳಲ್ಲಿ ಪುಟ್ಟದೊಂದು ಮನೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುವುದು ಬ್ರಿಟನ್ನಿನ ಜನರಿಗೆ ಬಹು ಪ್ರಿಯವಾದ ವಿನೋದ. ಮಂಚ, ಒಲೆ, ನೀರಿನ ತೊಟ್ಟಿಗಳನ್ನೊಳಗೊಂಡ ಈ ಗಾಲಿಮನೆಗೆ ಕ್ಯಾರವಾನ್ ಎಂದು ಹೆಸರು. ಇದನ್ನೆಳೆಯಲು ಚಾಲಕನಿಗೆ ಬೇರೊಂದು ಪರೀಕ್ಷೆ ಅವಶ್ಯಕವೇ?

1997ರ ಜನವರಿ 1ರಿಂದೀಚೆಗೆ ಲೈಸೆನ್ಸು ಪಡೆದವರು 750 ಕಿಲೋಗ್ರಾಂ ಮೀರಿದ ಟ್ರೇಲರನ್ನು ಎಳೆಯುವಾಗ, ಕಾರು ಟ್ರೇಲರುಗಳ ಗರಿಷ್ಠ ತೂಕ ಒಟ್ಟು 3,500 ಕಿಲೋಗ್ರಾಮನ್ನು ದಾಟುವುದಾದರೆ, ಪ್ರತ್ಯೇಕ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿತ್ತು. 2021ರ ಡಿಸೆಂಬರ್ 16ರಂದು ಅಲ್ಲಿನ ಸರ್ಕಾರ ಆ ಪರೀಕ್ಷೆಯನ್ನು ತೆಗೆದುಹಾಕಿತು. ಲಾರಿ ಚಾಲಕರ ಕೊರತೆಯಿದ್ದ ಕಾಲವದು. ಪರೀಕ್ಷಕರ ವೇಳೆಯನ್ನು ಲಾರಿ ಪರೀಕ್ಷೆಗೆ ಮೀಸಲಿಡುವುದು ಉದ್ದೇಶ. ಈಗ ಸಾಧಾರಣ ಕಾರಿನ ಲೈಸೆನ್ಸಿನಲ್ಲೇ 3,500 ಕಿಲೋಗ್ರಾಮಿನ ಟ್ರೇಲರನ್ನು ಎಳೆಯಬಹುದು. ಆಡಳಿತದ ದೃಷ್ಟಿಯಿಂದ ಇದು ಜಾಣತನವೇ ಇರಬಹುದು. ಆದರೆ ಚಲನೆಯ ನಿಯಮಗಳಿಗೆ ಪರೀಕ್ಷಕರ ಅಭಾವದ ಅರಿವಿಲ್ಲವಷ್ಟೆ.

ತಲಾ 1,500 ಕಿಲೋಗ್ರಾಂ ತೂಗುವ ಕಾರು, ಕ್ಯಾರವಾನುಗಳು ಗಂಟೆಗೆ 96 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿವೆ ಎನ್ನಿ. ಅವುಗಳ ಚಲನಶಕ್ತಿ ಸುಮಾರು 10.7 ಲಕ್ಷ ಜೂಲ್. ವೇಗವನ್ನು 80ಕ್ಕೆ ಇಳಿಸಿದರೆ 7.4 ಲಕ್ಷ. ಆದರೂ ನಿಲ್ಲಿಸುವುದು ಇಲ್ಲಿನ ಮುಖ್ಯ ತೊಡಕಲ್ಲ; ಭಾರದ ಟ್ರೇಲರಿಗೆ ತನ್ನದೇ ಬ್ರೇಕು ಇರುತ್ತದೆ. ತೊಡಕಿರುವುದು ಅಡ್ಡ ತೂಗಾಟದಲ್ಲಿ. ಕೊಂಡಿಯಿಂದ ಜೋಡಿಸಿದ ಟ್ರೇಲರು ಒಂದು ಬಗೆಯ ಲೋಲಕವೇ ಸರಿ. ಬೀಸುಗಾಳಿಯೋ, ಪಕ್ಕದಲ್ಲಿ ಹಾದ ಲಾರಿಯೋ ತಳ್ಳಿದಾಗ ಅದು ಎಡಬಲಕ್ಕೆ ಓಲಾಡುತ್ತದೆ. ಟೈರುಗಳ ಹಿಡಿತ ಆ ಓಲಾಟವನ್ನು ಅಡಗಿಸುತ್ತದೆ. ಆದರೆ ವೇಗ ಹೆಚ್ಚಿದಷ್ಟೂ ಈ ಅಡಗಿಸುವ ಗುಣ ಕುಂದುತ್ತದೆ. ಒಂದು ವೇಗಮಿತಿಯನ್ನು ದಾಟಿದ ಮೇಲೆ ಪ್ರತಿಯೊಂದು ತೂಗೂ ಹಿಂದಿನದಕ್ಕಿಂತ ದೊಡ್ಡದಾಗುತ್ತ ಹೋಗಿ, ಹಾವಿನಂತೆ ಹೊರಳುವ ಗಾಡಿ ಕೊನೆಗೆ ಕಾರನ್ನೂ ಕೆಡವಬಲ್ಲುದು. ಆಗ ಸ್ಟಿಯರಿಂಗನ್ನು ನೆಟ್ಟಗೆ ಹಿಡಿದು ವೇಗವನ್ನು ತಾನಾಗಿ ಇಳಿಯಗೊಡಬೇಕು. ಅನುಭವವಿಲ್ಲದವನ ಕೈ ಗಾಬರಿಯಿಂದ ಎದುರು ದಿಕ್ಕಿಗೆ ತಿರುಗಿಸುತ್ತದೆ. ಅಷ್ಟರಲ್ಲಿ ಟ್ರೇಲರು ಮರಳಿ ಬಂದಿರುತ್ತದೆ.

ಈ ವೇಗಮಿತಿ ಸಾಮಾನು ಜೋಡಿಸುವ ರೀತಿಯನ್ನೂ ಅವಲಂಬಿಸಿದೆ. ಹಿಂಭಾರವಾದರೆ ನೊಗ ಮೇಲಕ್ಕೇಳುವುದೆಂಬುದು ನಮ್ಮ ಗಾಡಿ ಹೊಡೆಯುವವರೆಲ್ಲ ಬಲ್ಲ ವಿಷಯ. ಕ್ಯಾರವಾನಿನ ತೂಕದಲ್ಲಿ ನೂರಕ್ಕೆ 5ರಿಂದ 7ರಷ್ಟು ಕೊಂಡಿಯ ಮೇಲೆ ಬೀಳಬೇಕೆಂಬುದು ಅಲ್ಲಿನ ರೂಢಿಯ ಲೆಕ್ಕ. ಭಾರವಾದ ಪೆಟ್ಟಿಗೆಗಳನ್ನು ಹಿಂತುದಿಗೆ ತುಂಬಿದರೆ ಕೊಂಡಿ ಹಗುರಾಗುವುದಲ್ಲದೆ, ಗಾಡಿಯ ಜಡತ್ವ ಮಹತ್ವವೂ ಬೆಳೆದು, ಓಲಾಟವನ್ನು ತಡೆಯುವುದು ಕಠಿಣವಾಗುತ್ತದೆ. ಒಟ್ಟು ತೂಕವನ್ನಷ್ಟೇ ನಮೂದಿಸುವ ಲೈಸೆನ್ಸು ಇದನ್ನು ಹೇಳುವುದಿಲ್ಲ.

1997ಕ್ಕೆ ಮೊದಲು ಲೈಸೆನ್ಸು ಪಡೆದವರು ಪರೀಕ್ಷೆಯಿಲ್ಲದೆಯೇ ಒಟ್ಟು 8,250 ಕಿಲೋಗ್ರಾಮಿನ ಜೋಡಿಯನ್ನು ನಡೆಸಬಹುದಾಗಿತ್ತಲ್ಲ ಎಂದು ಆಕ್ಷೇಪಿಸುವವರುಂಟು. ಆ ತಾರತಮ್ಯ ಅನ್ಯಾಯವೇ ಹೌದು. ಟ್ರೇಲರಿಗೆ ಚಾಲಕನ ಲೈಸೆನ್ಸಿನ ವರ್ಷ ತಿಳಿಯದು. ಆದರೆ ಅದಕ್ಕೆ ಪರಿಹಾರ ಎಲ್ಲರನ್ನೂ ಕಲಿಸದೆ ಬಿಡುವುದಲ್ಲ. ಐರೋಪ್ಯ ಒಕ್ಕೂಟದ ನಿಯಮ ನನಗೆ ಮೆಚ್ಚುಗೆಯಾಗಿದೆ. ಭಾರದ ಟ್ರೇಲರು ಸೇರಿ ಒಟ್ಟು 3,500ರಿಂದ 4,250 ಕಿಲೋಗ್ರಾಮಿನವರೆಗಿನ ಜೋಡಿಗೆ ಕಿರು ತರಬೇತಿ ಅಥವಾ ಪರೀಕ್ಷೆ ಸಾಕು. ಅದಕ್ಕೂ ಮೇಲ್ಪಟ್ಟರೆ ಪೂರ್ಣ ಪರೀಕ್ಷೆ. ಬ್ರಿಟನ್ನಿನಲ್ಲಿಯೂ ಅಂಥದೊಂದು ತರಬೇತಿಯನ್ನು ಕಡ್ಡಾಯ ಮಾಡಬಹುದು. ಕೊಂಡಿಯ ಭಾರವನ್ನು ತಕ್ಕಡಿಯಲ್ಲಿ ತೂಗಿ ನೋಡುವುದು, ಸಾಮಾನನ್ನು ಅಚ್ಚಿನ ಸಮೀಪಕ್ಕೆ ಸರಿಸುವುದು, ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದರೆ ಬಲಕ್ಕೆ ಹೊರಳುವ ಟ್ರೇಲರನ್ನು ಹಿಂದಕ್ಕೆ ನಡೆಸುವುದು: ಇಷ್ಟನ್ನು ಕಲಿಸಲು ಒಂದು ದಿನ ಸಾಕು.