ಮರಿಯಾ ಬ್ರೌನಳ ಮೇಲಣ ಅಪವಾದ

ಗಂಡನು ದೂರದೇಶಕ್ಕೆ ಹೋಗಿರುವಾಗ ಹೆಂಡತಿಯು ಹೇಗಿದ್ದಳೆಂದು ವಿಚಾರಿಸುವುದಕ್ಕೆ ಲೋಕವು ಎಂದೂ ಹಿಂಜರಿದುದಿಲ್ಲ; ಏನನ್ನುಂಡು ಬದುಕಿದ್ದಳೆಂದು ವಿಚಾರಿಸಿದವರು ಮಾತ್ರ ವಿರಳ. ಜರ್ಮನ್ ನಿರ್ದೇಶಕನಾದ ರೈನರ್ ವೆರ್ನರ್ ಫಾಸ್‌ಬಿಂಡರನು ರಚಿಸಿದ ‘ಮರಿಯಾ ಬ್ರೌನಳ ವಿವಾಹ’ ಎಂಬ ಚಲಚ್ಚಿತ್ರದ ವಿಷಯದಲ್ಲಿಯೂ ಇದೇ ಅನ್ಯಾಯವು ನಡೆದುಬಂದಿದೆ. 1979ರ ಬರ್ಲಿನ್ ಚಿತ್ರೋತ್ಸವದಲ್ಲಿ ಅದರ ನಾಯಿಕೆಯ ಪಾತ್ರವನ್ನು ವಹಿಸಿದ ಹನ್ನಾ ಶಿಗುಲ್ಲಾ ಎಂಬಾಕೆಗೆ ಶ್ರೇಷ್ಠ ನಟಿಯ ಪಾರಿತೋಷಕವು ದೊರೆಯಿತು. ನಟಿಯನ್ನು ಮನ್ನಿಸಿದ ಪ್ರೇಕ್ಷಕರು ಆಕೆ ನಟಿಸಿದ ಹೆಂಗಸಿಗೆ ಮಾತ್ರ ನ್ಯಾಯವನ್ನೀಯಲಿಲ್ಲ. “ಬಾಯಲ್ಲಿ ಗಂಡನ ಹೆಸರು, ಬಾಳಿನಲ್ಲಿ ಪರಪುರುಷರ ಸಂಗ, ಕೊನೆಗೆ ತಕ್ಕ ಫಲವನ್ನುಂಡಳು” ಎಂಬುದು ಒಂದು ಪೂರ್ವಪಕ್ಷ. “ಆಕೆ ಹೆಂಗಸೇ ಅಲ್ಲ, ಪಶ್ಚಿಮ ಜರ್ಮನಿಗೆ ತೊಡಿಸಿದ ಸ್ತ್ರೀವೇಷ” ಎಂಬುದು ಪಂಡಿತರ ಪೂರ್ವಪಕ್ಷ. ಎರಡೂ ನಿಲ್ಲತಕ್ಕವಲ್ಲ.

ಕಥೆಯು ಹೀಗಿದೆ. 1943ರಲ್ಲಿ, ಬಾಂಬುಗಳು ಬೀಳುತ್ತಿರುವಾಗಲೇ, ಮರಿಯಾಳಿಗೂ ಹೆರ್ಮಾನನಿಗೂ ವಿವಾಹವಾಗುತ್ತದೆ. ಅವರ ಸಹವಾಸವೆಲ್ಲ ಅರ್ಧ ಹಗಲು ಮತ್ತು ಒಂದು ರಾತ್ರಿ. ಅವನು ರಣರಂಗಕ್ಕೆ ತೆರಳುತ್ತಾನೆ. ಯುದ್ಧವು ಮುಗಿದ ಮೇಲೆ ಆಕೆಯು ಅವನ ಹೆಸರನ್ನು ಬರೆದ ಫಲಕವನ್ನು ಬೆನ್ನಿಗೆ ಕಟ್ಟಿಕೊಂಡು ರೈಲು ನಿಲ್ದಾಣದಲ್ಲಿ ಅಲೆಯುತ್ತಾಳೆ. ಅವನು ಮಡಿದನೆಂಬ ವಾರ್ತೆಯು ಬರುತ್ತದೆ. ಅಮೆರಿಕನ್ ಸೈನಿಕರ ಪಾನಗೃಹದಲ್ಲಿ ಕೆಲಸಕ್ಕೆ ಸೇರಿದ್ದ ಆಕೆಗೆ ಕಪ್ಪು ವರ್ಣದ ಬಿಲ್ ಎಂಬ ಸೈನಿಕನು ಆಸರೆಯಾಗುತ್ತಾನೆ. ಮಡಿದನೆಂದಿದ್ದ ಗಂಡನು ಒಂದು ದಿನ ಬಾಗಿಲಲ್ಲಿ ನಿಂತಿರುತ್ತಾನೆ. ಆ ಗಲಿಬಿಲಿಯಲ್ಲಿ ಮರಿಯಾ ಬೀಸಿದ ಸೀಸೆಯ ಪೆಟ್ಟಿಗೆ ಬಿಲ್ ಸಾಯುತ್ತಾನೆ. ಹೆರ್ಮಾನನು ತಪ್ಪನ್ನು ತನ್ನ ಮೇಲೆ ಹೊತ್ತು ಸೆರೆಮನೆಗೆ ಹೋಗುತ್ತಾನೆ. ಆಕೆಯು ಓಸ್ವಾಲ್ಡ್ ಎಂಬ ಕಾರ್ಖಾನೆಯ ಒಡೆಯನಲ್ಲಿ ಕೆಲಸಕ್ಕೆ ಸೇರಿ, ಅವನ ಬಲಗೈಯೂ ಪ್ರೇಯಸಿಯೂ ಆಗಿ, ಗಂಡನೊಡನೆ ಮುಂದೆ ಹೂಡಬೇಕಾದ ಸಂಸಾರಕ್ಕೆಂದು ಧನವನ್ನು ಕೂಡಿಡುತ್ತಾಳೆ. ಇದನ್ನು ಗಂಡನಿಂದ ಮುಚ್ಚಿಡುವುದೂ ಇಲ್ಲ.

ಮೊದಲನೆಯ ಪೂರ್ವಪಕ್ಷದವರು ಧರ್ಮದ ಹೆಸರನ್ನೆತ್ತುತ್ತಾರೆ. ಧರ್ಮಶಾಸ್ತ್ರವು ಹೇಳುವುದನ್ನು ಪೂರ್ತಿಯಾಗಿ ಓದುವುದಿಲ್ಲ. ನಮ್ಮ ಅಲಂಕಾರಿಕರು ಗಂಡನನ್ನಗಲಿದವಳಿಗೆ ‘ಪ್ರೋಷಿತಭರ್ತೃಕೆ’ ಎಂದು ಹೆಸರಿಟ್ಟು ಅಷ್ಟನಾಯಿಕೆಯರಲ್ಲಿ ಸೇರಿಸಿದರು. ಅವಳ ಕಣ್ಣೀರನ್ನು ವರ್ಣಿಸಿದ ಕವಿಗಳು ಅವಳ ಅಕ್ಕಿಯ ಮಡಕೆಯನ್ನು ಇಣಿಕಿ ನೋಡಲಿಲ್ಲ. ಸ್ತ್ರೀಯರಿಗೆ ಕಠೋರನೆಂದು ಹೆಸರಾದ ಮನುವೇ ನೋಡಿದನು. ಪ್ರವಾಸ ಹೋಗುವ ಗಂಡನು ಮೊದಲು ಹೆಂಡತಿಯ ಜೀವನೋಪಾಯವನ್ನು ಏರ್ಪಡಿಸಬೇಕು, ಏಕೆಂದರೆ ಜೀವನವಿಲ್ಲದೆ ಕೃಶಳಾದರೆ ಸಚ್ಚರಿತ್ರೆಯಾದವಳೂ ಕೆಡಬಹುದು ಎಂಬುದು ಒಂಬತ್ತನೆಯ ಅಧ್ಯಾಯದಲ್ಲಿರುವ ವಿಧಿ. ಏರ್ಪಡಿಸದೆ ಹೋದನಾದರೆ ಆಕೆಯು ನಿಂದ್ಯವಲ್ಲದ ಕೈಗೆಲಸದಿಂದ ಬದುಕಬಹುದೆಂದೂ ಅಲ್ಲಿಯೇ ಹೇಳಿದೆ. ವಿಧಿಯು ಮೊದಲು ಬೀಳುವುದು ಹೋಗುವವನ ಮೇಲೆ, ಆಮೇಲೆ ಉಳಿಯುವವಳ ಮೇಲೆ.

“ಪಾನಗೃಹದ ಚಾಕರಿಯು ನಿಂದ್ಯವಲ್ಲವೇ?” ಎಂದು ಕೇಳಬಹುದು. ಕೇಳುವವರು 1945ರಿಂದ 1948ರ ವರೆಗಿನ ಜರ್ಮನ್ ನಗರಗಳನ್ನು ನೆನೆಯಬೇಕು. ಮನೆಗಳು ಇಟ್ಟಿಗೆಯ ರಾಶಿಯಾಗಿದ್ದುವು. ಆಹಾರವು ಚೀಟಿಯ ಮೇಲೆ ದೊರೆಯುತ್ತಿದ್ದಿತು, ಅದೂ ಸಾಲದು. ಹಣಕ್ಕೆ ಬೆಲೆಯಿಲ್ಲದೆ ಸಿಗರೇಟೇ ನಾಣ್ಯವಾಗಿದ್ದಿತು. 1948ರ ಜೂನಿನಲ್ಲಿ ಪಶ್ಚಿಮ ವಲಯಗಳಲ್ಲಿ ಹೊಸ ನಾಣ್ಯವು ಬರುವವರೆಗೂ ಅದೇ ಸ್ಥಿತಿ. ಮರಿಯಾ ಒಡವೆಯನ್ನು ಕೊಟ್ಟು ಕಳ್ಳಸಂತೆಯಲ್ಲಿ ಉಡುಪನ್ನು ಪಡೆದು ಕೆಲಸಕ್ಕೆ ಹೊರಟುದು ವಿಲಾಸಕ್ಕಾಗಿ ಅಲ್ಲ. ಗಂಡನನ್ನು ಅವಳಿಂದ ಕಿತ್ತುಕೊಂಡ ರಾಜ್ಯವು ಅವಳಿಗೆ ಯಾವ ಅನಿಂದ್ಯವಾದ ಕೈಗೆಲಸವನ್ನು ಉಳಿಸಿತ್ತು?

ಮರಿಯಾ ನಿರ್ದೋಷಿಯೆಂದು ವಾದಿಸಬೇಕಾಗಿಲ್ಲ. ಆಕೆಯ ನಿಜವಾದ ಪಾತಕವು ಬಿಲ್ಲನ ಸಾವು. ಅವನು ಆಕೆಗೆ ಉಪಕಾರವನ್ನಲ್ಲದೆ ಬೇರೇನನ್ನೂ ಮಾಡಿರಲಿಲ್ಲ. ಆಶ್ಚರ್ಯವೆಂದರೆ ಆಕೆಯ ಶೀಲವನ್ನು ಗುಲಗಂಜಿಯ ತೂಕದಲ್ಲಿ ತೂಗುವವರಾರೂ ಈ ಕೊಲೆಯ ಮಾತನ್ನೆತ್ತುವುದಿಲ್ಲ. ಪ್ರಾಣವನ್ನು ಕಳೆದುದು ಅವರಿಗೆ ಸಣ್ಣದು, ಸಂಗವನ್ನು ಮಾಡಿದುದು ದೊಡ್ಡದು. ಇಂಥ ತಕ್ಕಡಿಯನ್ನು ಧರ್ಮವೆಂದು ಕರೆಯಲಾಗದು.

ಚಿತ್ರದ ಮರ್ಮವಿರುವುದು ಕೊನೆಯಲ್ಲಿ. ಸೆರೆಯಿಂದ ಬಿಡುಗಡೆಯಾದ ಹೆರ್ಮಾನನು ಹೆಂಡತಿಯ ಮನೆಗೆ ಬಾರದೆ ಕೆನಡಾ ದೇಶಕ್ಕೆ ಹೋಗಿ ತಿಂಗಳಿಗೊಂದು ಗುಲಾಬಿಯನ್ನು ಕಳುಹಿಸುತ್ತಾನೆ. 1954ರಲ್ಲಿ ಓಸ್ವಾಲ್ಡನು ಸತ್ತ ಮೇಲೆಯೇ ಅವನು ಮರಳುವುದು. ಮರಣಶಾಸನವನ್ನು ಓದುವಾಗ ಗುಟ್ಟು ಬಯಲಾಗುತ್ತದೆ: ಓಸ್ವಾಲ್ಡನು ಸಾಯುವವರೆಗೆ ಮರಿಯಾಳನ್ನು ಅವನಿಗೆ ಬಿಟ್ಟಿರುವುದು, ಆಮೇಲೆ ಆಸ್ತಿಯು ಗಂಡಹೆಂಡಿರಿಬ್ಬರಿಗೂ ಬರುವುದು ಎಂದು ಇಬ್ಬರು ಗಂಡಸರು ಸೆರೆಮನೆಯಲ್ಲಿಯೇ ಕರಾರು ಮಾಡಿಕೊಂಡಿದ್ದರು. ಕರಾರಿನ ವಸ್ತುವಾದವಳಿಗೆ ಮಾತ್ರ ಅದು ತಿಳಿಯದು. ಅಡುಗೆಮನೆಯ ಒಲೆಯಿಂದ ಹೊರಸೂಸಿದ ಅನಿಲಕ್ಕೆ ಕಿಡಿ ತಗುಲಿ ಮನೆಯು ಸಿಡಿಯುತ್ತದೆ. ಮರೆವೋ ಸಂಕಲ್ಪವೋ ಚಿತ್ರವು ಹೇಳುವುದಿಲ್ಲ.

ಹಸ್ತಿನಾವತಿಯ ಸಭೆಯಲ್ಲಿ ದ್ರೌಪದಿಯು ಕೇಳಿದ ಪ್ರಶ್ನೆಯನ್ನು ಬಲ್ಲವರಿಗೆ ಇಲ್ಲಿ ವ್ಯಾಖ್ಯಾನವು ಬೇಕಿಲ್ಲ. ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣವಿಡುವ ಅಧಿಕಾರವೆಲ್ಲಿಯದು? ಸೆರೆಯಲ್ಲಿದ್ದವನು ಹೊರಗಿದ್ದವಳನ್ನು ಒತ್ತೆಯಿಟ್ಟನು. ದ್ರೌಪದಿಗಾದರೂ ಕೇಳಲು ಸಭೆಯಿದ್ದಿತು. ಮರಿಯಾಳಿಗೆ ಕೇಳುವ ವೇಳೆಗೆ ದಸ್ತೈವಜಿಗೆ ರುಜುವಾಗಿ ವರ್ಷಗಳು ಕಳೆದಿದ್ದುವು. ಆದುದರಿಂದ ಈ ವಿವಾಹವನ್ನು ಕೆಡಿಸಿದುದು ಅಗಲಿಕೆಯಲ್ಲ, ಆಕೆಯ ನಡತೆಯೂ ಅಲ್ಲ. ಆಕೆ ಮರೆಮಾಚದೆ ನುಡಿದಳು. ಅವನು ಮರೆಮಾಚಿ ಮಾರಿದನು. ಹತ್ತು ವರ್ಷಗಳ ದೂರವನ್ನು ತಾಳಿಕೊಂಡ ಪ್ರೇಮವು ಒಂದು ಕಾಗದವನ್ನು ತಾಳಲಾರದೆ ಹೋಯಿತು.

ಇನ್ನು ಪಂಡಿತರ ಪೂರ್ವಪಕ್ಷ. ಅವರ ಕೈಯಲ್ಲಿ ಸಾಕ್ಷ್ಯವಿಲ್ಲದಿಲ್ಲ. ಚಿತ್ರದ ಆದಿಯಲ್ಲಿ ಹಿಟ್ಲರನ ಪಟವು ಉರುಳುತ್ತದೆ; ಅಂತ್ಯದಲ್ಲಿ ಪಶ್ಚಿಮ ಜರ್ಮನಿಯ ಮುಖ್ಯಮಂತ್ರಿಗಳ ಪಟಗಳು, ಬ್ರಾಂಟನೊಬ್ಬನ ಹೊರತು, ಸಾಲಾಗಿ ಮೂಡುತ್ತವೆ. ಸೈನ್ಯವು ಬೇಡವೆನ್ನುವ ಆಡೆನವರನ ಭಾಷಣವೂ, ಬೇಕೆನ್ನುವ ಅವನದೇ ಭಾಷಣವೂ ರೇಡಿಯೋದಲ್ಲಿ ಕೇಳಿಬರುತ್ತವೆ. ಮನೆಯು ಸಿಡಿಯುವಾಗ 1954ರ ಜುಲೈ 4ರಂದು ಬೆರ್ನ್ ನಗರದಲ್ಲಿ ಹಂಗೆರಿಯನ್ನು 3-2ರಿಂದ ಗೆದ್ದ ಕಾಲ್ಚೆಂಡಿನ ಜಯಘೋಷವು ಮೊಳಗುತ್ತಿರುತ್ತದೆ. ಇದೆಲ್ಲವೂ ನಿಜ. ಆದರೆ ಹೆಂಗಸಿನ ದುಃಖವನ್ನು ದೇಶದ ದುಃಖವೆಂದು ಅರ್ಥಮಾಡಿ ಮುಗಿಸಿಬಿಟ್ಟರೆ, ಆಕೆಯನ್ನು ಮತ್ತೊಮ್ಮೆ ಇತರರ ಲೆಕ್ಕಕ್ಕೆ ಬರೆದಂತಾಗುತ್ತದೆ. ವಾಚ್ಯಾರ್ಥವನ್ನು ಹಾರಿ ಧ್ವನಿಗೆ ಹೋಗುವುದು ರಸಿಕತೆಯಲ್ಲ.

ವಾಚ್ಯಾರ್ಥವು ಆ ದೇಶದ ಕಾಯಿದೆಯ ಪುಸ್ತಕದಲ್ಲಿಯೇ ಇತ್ತು. 65 ಸದಸ್ಯರಲ್ಲಿ ನಾಲ್ವರೇ ಸ್ತ್ರೀಯರಿದ್ದ ಸಂವಿಧಾನಸಭೆಯಲ್ಲಿ ಎಲಿಸಬೆತ್ ಸೆಲ್ಬರ್ಟ್ ಎಂಬ ವಕೀಲೆಯು ಹೋರಾಡಿ, ಸ್ತ್ರೀಪುರುಷರು ಸಮಾನಹಕ್ಕುಳ್ಳವರೆಂಬ ವಾಕ್ಯವನ್ನು 1949ರ ಮೂಲಶಾಸನದಲ್ಲಿ ಸೇರಿಸಿದರು. ಅದಕ್ಕೆ ವಿರುದ್ಧವಾದ ಕಾಯಿದೆಗಳಿಗೆ 1953ರ ಮಾರ್ಚ್ 31ರ ಗಡುವಿತ್ತು. ಸಂಸಾರದ ವಿಷಯಗಳಲ್ಲಿ ಗಂಡನದೇ ಕೊನೆಯ ಮಾತೆಂಬ ವಿಧಿಯನ್ನು ಅಳಿಸಿದ ಹೊಸ ಶಾಸನವಾದರೋ ಗಡುವು ಕಳೆದ ಮೇಲೆ 1957ರಲ್ಲಿ ಆಗಿ, 1958ರ ಜುಲೈ 1ರಿಂದ ನಡೆಗೆ ಬಂದಿತು. ಅದರಲ್ಲಿಯೂ ಮನೆಯ ಕರ್ತವ್ಯಗಳಿಗೆ ಒಪ್ಪುವಷ್ಟು ಮಟ್ಟಿಗೆ ಮಾತ್ರ ಹೆಂಡತಿಯು ದುಡಿಯಬಹುದೆಂದಿತ್ತು. ಆ ಕಟ್ಟು ಕಳಚಿದುದು 1977ರಲ್ಲಿ, ಚಿತ್ರವು ಬರುವುದಕ್ಕೆ ಎರಡು ವರ್ಷ ಮುಂಚೆ. ಸೋವಿಯತ್ ದೇಶದಲ್ಲಿ ಸೆರೆಯಲ್ಲಿದ್ದವರಲ್ಲಿ ಕೊನೆಯ ಸುಮಾರು ಹತ್ತು ಸಾವಿರ ಮಂದಿಯ ಬಿಡುಗಡೆಯು 1955ರಲ್ಲಿ ಆಡೆನವರನು ಮಾಸ್ಕೋವಿಗೆ ಹೋಗಿಬಂದ ಮೇಲಷ್ಟೆ ಆಯಿತು. ಹತ್ತು ವರ್ಷಗಳ ಕಾಲ ಮನೆಯನ್ನು ಹೊತ್ತು ನಿಂತ ಹೆಂಗಸರಿಗೆ, ಗಂಡನು ಹೊಸ್ತಿಲು ದಾಟಿದೊಡನೆ, ತಮ್ಮ ಮನೆಯಲ್ಲಿ ಕೊನೆಯ ಮಾತು ತಮ್ಮದಲ್ಲವೆಂದು ಕಾಯಿದೆಯ ಪುಸ್ತಕವು ಹೇಳುತ್ತಿದ್ದ ಕಾಲವದು.

ಮರಿಯಾಳು ಕಾದಳೇ ಇಲ್ಲವೇ ಎಂದು ತೀರ್ಪು ಹೇಳಹೊರಡುವವರು ಮೊದಲು ಈ ಮೂರಕ್ಕೆ ಉತ್ತರ ಕೊಡತಕ್ಕದ್ದು: ಗಂಡನನ್ನು ಕೊಂಡೊಯ್ದವರಾರು? ಕಾದಿರುವವಳಿಗೆ ಅನ್ನವನ್ನಿಟ್ಟವರಾರು? ಕಾದವಳನ್ನು ಕೇಳದೆ ಬೆಲೆ ಕಟ್ಟಿದವರಾರು? ಈ ಮೂರರಲ್ಲಿ ಒಂದಕ್ಕೂ ಆಕೆಯ ಹೆಸರು ಉತ್ತರವಾಗಲಾರದು.